ಹಳೆಯ ಗಾಲ್ಫ್ ಚೆಂಡಿನ ಹಿತ: ಒಳಗೇನಿತ್ತು, ಏಕೆ ಹೋಯಿತು

ಮಡಿಕೇರಿಯ ಡೌನ್ಸ್‌ನಲ್ಲಾಗಲಿ, ಬಿಟ್ಟಂಗಾಲದ ಲಿಂಕ್ಸ್‌ನಲ್ಲಾಗಲಿ, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಲ್ಲಾಗಲಿ, ಅರವತ್ತು ದಾಟಿದ ನಾಲ್ಕು ಜನ ಗಾಲ್ಫ್ ಆಟಗಾರರು ಸೇರಿದರೆ ಹಳೆಯ ಚೆಂಡಿನ ಮಾತು ಬಂದೇ ಬರುತ್ತದೆ. ಡನ್‌ಲಪ್ 65, ಪೆನ್‌ಫೋಲ್ಡ್, ಸ್ಲಾಜೆಂಜರ್, ಆಮೇಲಿನ ಟೈಟಲಿಸ್ಟ್ ಬಲಾಟಾ. ಏಟು ಮೆತ್ತಗೆ ಬೀಳುತ್ತಿತ್ತು, ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ಬಿದ್ದ ಚೆಂಡು ಕಚ್ಚಿ ನಿಲ್ಲುತ್ತಿತ್ತು, ಈಗಿನದಕ್ಕಿಂತ ದೂರವೂ ಹೋಗುತ್ತಿತ್ತು ಎನ್ನುತ್ತಾರೆ. ಮೊದಲೆರಡು ಮಾತು ಅಪ್ಪಟ ನಿಜ. ಮೂರನೆಯದು ನಿಜವಲ್ಲ, ಆದರೆ ಹಾಗೆ ಅನ್ನಿಸುವುದಕ್ಕೆ ಗಟ್ಟಿ ಕಾರಣಗಳಿವೆ. ಎಲ್ಲದಕ್ಕೂ ಉತ್ತರ ಚೆಂಡಿನ ಹೊಟ್ಟೆಯಲ್ಲಿದೆ.

ಹೊಟ್ಟೆಯೊಳಗೆ

ಈಗ ಸಿಗುವ ಚೆಂಡಿನ ಒಳಗಿರುವುದು ಅಚ್ಚಿನಲ್ಲಿ ಒತ್ತಿ ಕಾಯಿಸಿ ಗಟ್ಟಿ ಮಾಡಿದ ಕೃತಕ ರಬ್ಬರಿನ ಉಂಡೆ. ಹಳೆಯದರ ಕಥೆಯೇ ಬೇರೆ. ಅದರ ನಟ್ಟನಡುವೆ ಒಂದು ಪುಟ್ಟ ರಬ್ಬರ್ ಗುಂಡು, ಇಲ್ಲವೇ ದ್ರವ ತುಂಬಿದ ತೆಳು ರಬ್ಬರ್ ಚೀಲ. ಅದರ ಸುತ್ತ ಎಳೆದು ಬಿಗಿದು ಸುತ್ತಿದ ರಬ್ಬರ್ ಎಳೆ. ಅದರ ಮೇಲೆ ಬಲಾಟಾ ಎಂಬ ಮರದ ಹಾಲಿನ ತೆಳುವಾದ ಹೊದಿಕೆ, ಹೊದಿಕೆಯ ಮೇಲೆ ಬಣ್ಣ.

ಈ ವಿನ್ಯಾಸ ಶುರುವಾದದ್ದು 1898ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ. ಕೋಬರ್ನ್ ಹ್ಯಾಸ್ಕೆಲ್ ಎಂಬಾತ ಗುಡ್‌ರಿಚ್ ರಬ್ಬರ್ ಕಾರ್ಖಾನೆಯ ಬರ್ಟ್ರಮ್ ವರ್ಕ್ ಜೊತೆ ಸೇರಿ ರಬ್ಬರ್ ಎಳೆಯನ್ನು ಎಳೆದು ಸುತ್ತಿ ಚೆಂಡು ಮಾಡಿದ. ಮರುವರ್ಷ ಪೇಟೆಂಟ್ ಸಿಕ್ಕಿತು. 1902ರಲ್ಲಿ ಹಾಯ್‌ಲೇಕ್‌ನಲ್ಲಿ ನಡೆದ ಬ್ರಿಟಿಷ್ ಓಪನ್ ಅನ್ನು ಸ್ಯಾಂಡಿ ಹರ್ಡ್ ಅದೇ ಚೆಂಡಿನಲ್ಲಿ ಗೆದ್ದ ಮೇಲೆ ಅದಕ್ಕೂ ಹಿಂದಿನ, ಗಟ್ಟಾಪರ್ಚಾ ಎಂಬ ಮರದಂಟಿನ ಚೆಂಡು ಮೂಲೆ ಸೇರಿತು. ಅಲ್ಲಿಂದ ಸುಮಾರು ನೂರು ವರ್ಷ ಒಳ್ಳೆಯ ಚೆಂಡೆಂದರೆ ಸುತ್ತಿದ ಚೆಂಡೇ.

ದ್ರವದ ಚೀಲವಿರುವ ಚೆಂಡು ತಯಾರಿಸುವುದು ನಾಜೂಕಿನ ಕೆಲಸ. ಮೆದು ಚೀಲದ ಮೇಲೆ ಬಿಗಿಯಾಗಿ ಎಳೆ ಸುತ್ತಿದರೆ ಚೀಲ ಚಪ್ಪಟೆಯಾಗುತ್ತದೆ. ಅದಕ್ಕೇ ಮೊದಲು ಚೀಲವನ್ನು ಕಲ್ಲಾಗುವ ತನಕ ಹೆಪ್ಪುಗಟ್ಟಿಸಿ, ಕರಗುವ ಮುನ್ನ ಯಂತ್ರಕ್ಕೆ ಕೊಟ್ಟು ಸುತ್ತುತ್ತಿದ್ದರು. ಎಳೆಯನ್ನು ಅದರ ಸಹಜ ಉದ್ದದ ಹಲವು ಪಟ್ಟು ಎಳೆದು, ಉಂಡೆಯನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತಾ ಸುತ್ತಬೇಕು. ಎಳೆತ ಸ್ವಲ್ಪ ಏರುಪೇರಾದರೂ ಒಂದು ಚೆಂಡು ಗಡಸು, ಪಕ್ಕದ್ದು ಮೆದು. ಹಾಗಾಗಿ ತಯಾರಾದ ಮೇಲೆ ಪ್ರತಿ ಚೆಂಡನ್ನೂ ಒತ್ತಿ ಅಳೆದು 80, 90, 100 ಎಂದು ಬೇರ್ಪಡಿಸಬೇಕಾಗುತ್ತಿತ್ತು. ಹಳಬರು ‘ನೂರರ ಚೆಂಡು’, ‘ತೊಂಬತ್ತರ ಚೆಂಡು’ ಎನ್ನುವುದು ಇದನ್ನೇ. ಗೊತ್ತುಪಡಿಸಿದ ಭಾರದಲ್ಲಿ ಒತ್ತಿದಾಗ ಚೆಂಡು ಇಂಚಿನ ಹತ್ತನೆಯ ಒಂದು ಭಾಗ ತಗ್ಗಿದರೆ ಅದು 100. ಅದಕ್ಕಿಂತ ಇಂಚಿನ ಸಾವಿರದಲ್ಲಿ ಹತ್ತು ಭಾಗ ಹೆಚ್ಚು ತಗ್ಗಿದರೆ 90. ಟೈಟಲಿಸ್ಟ್ ಬಲಾಟಾದಲ್ಲಿ ಕಪ್ಪು ಅಂಕಿ ಇದ್ದರೆ 100, ಕೆಂಪು ಅಂಕಿ ಇದ್ದರೆ 90. ಪೆನ್‌ಫೋಲ್ಡ್ ಚೆಂಡುಗಳಲ್ಲಿ ಅಂಕಿಯ ಬದಲು ಇಸ್ಪೀಟಿನ ಆಟೀನು, ಡೈಮನ್, ಕಳಾವರ್, ಇಸ್ಪೇಟು ಇರುತ್ತಿದ್ದವು. ಆದರೆ ಅವು ನಿಮ್ಮ ಚೆಂಡು ಯಾವುದು, ಎದುರಾಳಿಯದು ಯಾವುದು ಎಂದು ಗುರುತಿಸುವುದಕ್ಕೆ ಮಾತ್ರ, ಗಡಸಿನ ಲೆಕ್ಕವಲ್ಲ.

ಸುತ್ತಿದ ಚೆಂಡಿನ ದೊಡ್ಡ ದೌರ್ಬಲ್ಯ ತೂಕದ ಸಮತೋಲ. ನಡುಗುಂಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಪುಟ್ (ಕುಳಿಯ ಕಡೆಗೆ ಉರುಳಿಸುವ ಏಟು) ನೆಟ್ಟಗೆ ಉರುಳುವುದಿಲ್ಲ. ಟೈಟಲಿಸ್ಟ್ ಹುಟ್ಟಿದ್ದೇ ಈ ತೊಂದರೆಯಿಂದ ಎಂದು ಅದನ್ನು ತಯಾರಿಸುವ ಅಕುಷ್ನೆಟ್ ಕಂಪನಿ ಹೇಳಿಕೊಳ್ಳುತ್ತದೆ. 1930ರ ದಶಕದ ಆರಂಭದಲ್ಲಿ ಅದರ ಒಡೆಯ ಫಿಲ್ ಯಂಗ್ ಚೆನ್ನಾಗಿ ಹೊಡೆದ ಪುಟ್ ಒಂದು ತಪ್ಪಿದಾಗ ಚೆಂಡನ್ನು ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದನಂತೆ, ನಡುಗುಂಡು ನಡುವಿನಲ್ಲಿರಲಿಲ್ಲ. 1935ರಲ್ಲಿ ಮೊದಲ ಟೈಟಲಿಸ್ಟ್ ಬಂತು.

ಸಪೋಟದ ಬಳಗದ ಹಾಲು

ಬಲಾಟಾ ಎಂದರೇನು ಎಂಬುದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಎಳೆ ಸಪೋಟ ಕಿತ್ತಾಗ ತೊಟ್ಟಿನಿಂದ ಒಸರುವ ಅಂಟು ಹಾಲನ್ನು ನೋಡದವರು ಯಾರು? ಬಲಾಟಾ ಮರ ಸಪೋಟದ ಒಡಹುಟ್ಟು. ಎರಡೂ ಮ್ಯಾನಿಲ್ಕಾರ ಎಂಬ ಒಂದೇ ಕುಲ. ನಮ್ಮ ರಂಜೆ, ಹಿಪ್ಪೆ ಕೂಡ ಅದೇ ಕುಟುಂಬದವು. ಬಲಾಟಾ ಬೆಳೆಯುವುದು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ. ಹತ್ತೊಂಬತ್ತನೆಯ ಶತಮಾನದ ಗಟ್ಟಾಪರ್ಚಾ ಚೆಂಡಿನ ಮರ ಮಲಯದ ಕಡೆಯದು; ಅದೂ ಸಪೋಟದ ಕುಟುಂಬವೇ.

ಸಂಪಾಜೆ ಕಡೆಯ ತೋಟಗಳಲ್ಲಿ ಚಿಪ್ಪು ಕಟ್ಟಿ ಇಳಿಸುವ ರಬ್ಬರ್ ಹಾಲಿಗೂ ಬಲಾಟಾ ಹಾಲಿಗೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅಂತರ ಬಹಳ ಕಡಿಮೆ. ಎರಡರಲ್ಲೂ ಇರುವುದು ಪಾಲಿಐಸೊಪ್ರೀನ್ ಸರಪಳಿ. ರಬ್ಬರಿನಲ್ಲಿ ಕೊಂಡಿಗಳು ಒಂದೇ ಬದಿಗೆ ಬಾಗಿ ಸರಪಳಿ ಸುರುಳಿಯಾಗಿರುತ್ತದೆ, ಆದ್ದರಿಂದ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ. ಬಲಾಟಾದಲ್ಲಿ ಕೊಂಡಿಗಳು ಅತ್ತಿತ್ತ ಬಾಗಿ ಸರಪಳಿ ನೆಟ್ಟಗಾಗುತ್ತದೆ. ನೆಟ್ಟಗಿನ ಸರಪಳಿಗಳು ಪಕ್ಕಪಕ್ಕ ಒತ್ತಾಗಿ ಕೂತು ವಸ್ತು ಗಟ್ಟಿಯಾಗುತ್ತದೆ. ಬಿಸಿ ತಾಗಿದರೆ ಆ ಜೋಡಣೆ ಸಡಿಲಿ ಮೆದುವಾಗುತ್ತದೆ, ಬೇಕಾದ ಆಕಾರಕ್ಕೆ ಒತ್ತಬಹುದು. ಸುತ್ತಿದ ಉಂಡೆಯ ಮೇಲೆ ಬಲಾಟಾದ ಎರಡು ಅರೆಗೋಳ ಇಟ್ಟು ಬಿಸಿ ಅಚ್ಚಿನಲ್ಲಿ ಒತ್ತಿದರೆ ಹೊದಿಕೆ ಸಿದ್ಧ. ಅಷ್ಟು ಶಾಖಕ್ಕೆ ಒಳಗಿನ ಎಳೆಯ ಬಿಗಿ ಹಾಳಾಗುವುದಿಲ್ಲ. ಬಲಾಟಾ ಇಷ್ಟು ಕಾಲ ಉಳಿದದ್ದಕ್ಕೆ ಇದು ಮುಖ್ಯ ಕಾರಣ. ಕೊನೆಯ ದಶಕಗಳಲ್ಲಿ ಮರದ ಹಾಲಿನ ಜಾಗಕ್ಕೆ ಕಾರ್ಖಾನೆಯಲ್ಲಿ ತಯಾರಿಸಿದ ಅದೇ ಬಗೆಯ ಪಾಲಿಐಸೊಪ್ರೀನ್ ಬಂತು. ಹೆಸರು ಮಾತ್ರ ಬಲಾಟಾ ಎಂದೇ ಉಳಿಯಿತು.

ಮೆದು ಹೊದಿಕೆಗೆ ತೆರಬೇಕಾದ ಬೆಲೆ ದೊಡ್ಡದು. ಐರನ್ ಎಂಬ ಲೋಹದ ತಲೆಯ ಕೋಲಿನ ಕೆಳ ಅಂಚು ಚೆಂಡಿನ ನಡುಮಟ್ಟಕ್ಕೆ ತಾಗಿದರೆ ಬಾಯಿ ಬಿಟ್ಟ ಗಾಯ. ಸ್ವಲ್ಪ ಆಳವಾದರೆ ಒಳಗಿನ ಎಳೆ ಇಣುಕುತ್ತದೆ, ಒಂದೊಂದೇ ಕಡಿದು ಹೊರಗೆ ಬರುತ್ತದೆ. ಗಾಯವಾಗದಿದ್ದರೂ ಏಟಿನ ಮೇಲೆ ಏಟು ಬಿದ್ದು ಚೆಂಡು ದುಂಡಗೆ ಉಳಿಯುತ್ತಿರಲಿಲ್ಲ. ವೃತ್ತಿ ಆಟಗಾರರು ಒಂದೇ ಸುತ್ತಿನಲ್ಲಿ ಹಲವು ಬಾರಿ ಹೊಸ ಚೆಂಡು ತೆಗೆಯುತ್ತಿದ್ದರು. ನಮ್ಮಲ್ಲಿ ಅದು ಕನಸಿನ ಮಾತು. 1991ಕ್ಕೆ ಮೊದಲು ಆಮದಿಗೆ ಪರವಾನಗಿಯ ತೊಡಕು, ಮೇಲೆ ಭಾರೀ ಸುಂಕ. ಒಂದು ಒಳ್ಳೆಯ ಚೆಂಡನ್ನು ಗಾಯ ಎಳೆಯ ತನಕ ಇಳಿಯುವವರೆಗೂ ಆಡಬೇಕು, ಆಮೇಲೆ ಅಭ್ಯಾಸಕ್ಕೆ ಇಡಬೇಕು. ಹಳೆಯ ಚೆಂಡಿನ ಮೇಲಿನ ಪ್ರೀತಿಯಲ್ಲಿ ಈ ಅಭಾವದ ಪಾಲೂ ಇದೆ ಎಂದು ನಮ್ಮ ಎಣಿಕೆ. ಕಾಫಿ ಸಾಲಿಗೆ ಹಾರಿದ ಚೆಂಡನ್ನು ಜಿಗಣೆ ಕಚ್ಚಿಸಿಕೊಂಡಾದರೂ ಹುಡುಕಿ ತರುತ್ತಿದ್ದ ಕಾಲದಲ್ಲಿ ಪ್ರತಿ ಚೆಂಡಿನ ಮೈಯ ಗುರುತೂ ಆಡುವವನಿಗೆ, ಚೀಲ ಹೊರುವ ಕ್ಯಾಡಿಗೆ ಬಾಯಿಪಾಠ.

ಮೆತ್ತಗೆ ತಾಗುವುದು, ಕಚ್ಚಿ ನಿಲ್ಲುವುದು

ಕ್ಲಬ್ಬಿಗೂ (ಅಂದರೆ ಹೊಡೆಯುವ ಕೋಲಿಗೂ) ಚೆಂಡಿಗೂ ಇರುವ ಸಂಪರ್ಕ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟೇ. ಆ ಕ್ಷಣದಲ್ಲಿ ಮೆದು ಹೊದಿಕೆ ಕ್ಲಬ್ಬಿನ ಮುಖದ ಗೀರುಗಳೊಳಕ್ಕೆ ಒತ್ತಿಕೊಳ್ಳುತ್ತದೆ. ಹೊದಿಕೆಯ ಕೆಳಗೆ ಬಿಗಿಯಾಗಿ ಸುತ್ತಿದ ಗಡಸು ಎಳೆ ಇರುವುದರಿಂದ ಆ ಹೊದಿಕೆ ಮುಖಕ್ಕೂ ಎಳೆಗೂ ನಡುವೆ ಸಿಕ್ಕಿ ಜಾರದೆ ಹಿಡಿಯುತ್ತದೆ, ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ. ಈ ತಿರುಗಾಟವೇ ಸ್ಪಿನ್. ನೆನಪಿಡಬೇಕಾದ ಸೂತ್ರ ಒಂದೇ: ಹೊರಗೆ ಮೆದು, ಅದರಡಿ ಗಡಸು ಇದ್ದರೆ ಸ್ಪಿನ್ ಹೆಚ್ಚು; ಹೊರಗೆ ಗಡಸು, ಒಳಗೆ ಮೆದು ಇದ್ದರೆ ಸ್ಪಿನ್ ಕಡಿಮೆ. ಚೆಂಡಿನ ಇತಿಹಾಸದ ಕೊನೆಯ ಐವತ್ತು ವರ್ಷ ಪೂರ್ತಿ ಈ ಸೂತ್ರದ ಮೇಲೆಯೇ ನಡೆದಿದೆ.

ಕೈಗೆ ಸಿಗುವ ಹಿತದಲ್ಲಿ ಅರ್ಧ ಪಾಲು ಕಿವಿಯದು. ಗಡಸು ಹೊದಿಕೆ ತೀಕ್ಷ್ಣವಾದ ‘ಟಿಕ್’ ಸದ್ದು ಮಾಡುತ್ತದೆ. ಬಲಾಟಾದ ಸದ್ದು ತಗ್ಗಿನದು. ಕಿವಿಗೆ ಹತ್ತಿ ಇಟ್ಟುಕೊಂಡು ಎರಡು ಬಗೆಯ ಚೆಂಡನ್ನು ಪುಟ್ ಮಾಡಿ ನೋಡಿ, ವ್ಯತ್ಯಾಸ ಎಷ್ಟು ಕಡಿಮೆಯಾಗುತ್ತದೆಂದು ತಿಳಿಯುತ್ತದೆ. ಆ ಕಾಲದಲ್ಲಿ ದೂರದ ಏಟಿಗೆ ಬಳಸುವ ಡ್ರೈವರ್ ಎಂಬ ಕೋಲು ಕೂಡ ಮರದ್ದು ಎಂಬುದನ್ನು ಮರೆಯಬಾರದು. ಅದರ ತಲೆ ಪರ್ಸಿಮನ್ ಮರದ್ದು, ಬೀಡಿ ಎಲೆ ಕೊಡುವ ನಮ್ಮ ಮರದ ಬಳಗಕ್ಕೇ ಸೇರಿದ್ದು. ಇವತ್ತು ಟೊಳ್ಳು ಟೈಟೇನಿಯಂ ಡ್ರೈವರ್ ಹಿಡಿದು ಚೆಂಡಿನ ಸದ್ದು ಕೆಟ್ಟಿತು ಎಂದರೆ ದೂರು ಅರ್ಧ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಸ್ಪಿನ್ ಹೆಚ್ಚಿದ್ದರೆ ಹತ್ತಿರದ ಏಟಿಗೆ ಬಳಸುವ ವೆಜ್ ಎಂಬ ಕೋಲಿನಲ್ಲಿ ವರ, ಡ್ರೈವರ್‌ನಲ್ಲಿ ಶಾಪ. ಹಿಮ್ಮುಖವಾಗಿ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇರುತ್ತದೆ. ಬಲಾಟಾ ಚೆಂಡು ತಗ್ಗಾಗಿ ಹೊರಟು, ಅರ್ಧ ದಾರಿಯಲ್ಲಿ ಮೇಲಕ್ಕೆ ಹತ್ತಿ, ಅಲ್ಲಿಂದ ಕಡಿದಾಗಿ ಇಳಿಯುತ್ತಿತ್ತು. ನೋಡಲು ಬಹಳ ಚೆಂದ. ಆದರೆ ಎದುರುಗಾಳಿ ಇದ್ದರೆ ಹತ್ತುವುದರಲ್ಲೇ ವೇಗ ಕಳೆದುಕೊಂಡು ಮುಂದೆ ಹೋಗುವುದನ್ನು ನಿಲ್ಲಿಸುತ್ತಿತ್ತು. ಕ್ಲಬ್ಬಿನ ಮುಖ ಚೂರು ತೆರೆದಿದ್ದರೆ ಅದೇ ಸ್ಪಿನ್ ಓರೆಯಾಗಿ ಚೆಂಡು ಪಕ್ಕಕ್ಕೆ ಬಾಗಿ ಹೋಗುತ್ತಿತ್ತು, ಅಂದರೆ ಸ್ಲೈಸ್ ಆಗುತ್ತಿತ್ತು. ಅದೇ ಗುಣದಿಂದಾಗಿ ನುರಿತವರು ಬೇಕೆಂದಾಗ ಚೆಂಡನ್ನು ಎಡಕ್ಕೋ ಬಲಕ್ಕೋ ಬಾಗಿಸಿ ಮರದ ಸುತ್ತ ಕಳಿಸುತ್ತಿದ್ದರು. ಈ ಕಲೆ ಈಗ ಕಡಿಮೆಯಾಗಿದೆ ಎಂದು ಹಳಬರು ಹೇಳಿದರೆ ಒಪ್ಪಲೇಬೇಕು. ಇವತ್ತಿನ ಚೆಂಡು ನೆಟ್ಟಗೆ ಹೋಗುವಂತೆಯೇ ತಯಾರಾದದ್ದು.

ಚೆಂಡಿನ ಮೈಮೇಲಿನ ಗುಳಿಗಳ ಮಾತು ಚಿಕ್ಕದಾಗಿ. ಗಾಯಗೊಂಡ ಗಟ್ಟಾಪರ್ಚಾ ಚೆಂಡು ನುಣುಪಾದ ಹೊಸದಕ್ಕಿಂತ ಚೆನ್ನಾಗಿ ಹಾರುವುದನ್ನು ಕಂಡು ಸುತ್ತಿಗೆಯಿಂದ ಗುರುತು ಹೊಡೆಯಲು ಶುರುಮಾಡಿದರು. ಇಂಗ್ಲೆಂಡಿನ ಲೆಸ್ಟರ್‌ನ ಎಂಜಿನಿಯರ್ ವಿಲಿಯಂ ಟೇಲರ್ 1905ರಲ್ಲಿ ತಗ್ಗು ಗುಳಿಗಳಿಗೆ ಪೇಟೆಂಟ್ ಕೋರಿದ. ಗುಳಿಗಳು ಚೆಂಡಿನ ಮೈಗೆ ಅಂಟಿದ ಗಾಳಿಯ ಪದರವನ್ನು ಕದಡಿ ಹಿಂಬದಿಯ ತನಕ ಅಂಟಿಸಿಡುತ್ತವೆ. ಹಿಂದೆ ಉಳಿಯುವ ಸುಳಿ ಕಿರಿದಾಗಿ ತಡೆ ಕಡಿಮೆಯಾಗುತ್ತದೆ. ದಶಕಗಳ ಕಾಲ ಬಹುಪಾಲು ಚೆಂಡುಗಳಲ್ಲಿ 336 ಗುಳಿಗಳು, ಒಂದೇ ಮಾದರಿಯ ಸಾಲು. ಬಣ್ಣ ದಪ್ಪಗೆ ಬಳಿದರೆ ಗುಳಿ ತುಂಬಿ ಹಾರಾಟ ಕೆಡುತ್ತದೆ. ಹಳೆಯ ಚೆಂಡಿಗೆ ಮನೆಯಲ್ಲೇ ಎನಾಮಲ್ ಬಳಿದು ಹೊಸದು ಮಾಡಿದವರಿಗೆ ಅದು ತಗ್ಗಾಗಿ ಹೋಗಿ ಬೇಗ ಬೀಳಲು ಇದೇ ಕಾರಣ.

ಚಿಕ್ಕ ಚೆಂಡು

ಈಗ ದೂರದ ಮಾತು. ಇದನ್ನು ಬಿಡಿಸಬೇಕಾದರೆ ಇಂದಿನ ತರುಣರು ಕೇಳಿಯೇ ಇರದ ಸಂಗತಿಯೊಂದನ್ನು ಹೇಳಬೇಕು: ಹಿಂದೆ ಚೆಂಡಿನಲ್ಲಿ ಎರಡು ಗಾತ್ರಗಳಿದ್ದವು. ಅಮೆರಿಕದ ಗಾಲ್ಫ್ ಸಂಸ್ಥೆ 1930ರ ದಶಕದಿಂದ ಕನಿಷ್ಠ ವ್ಯಾಸ 1.68 ಇಂಚು ಎಂದು ಗೊತ್ತುಮಾಡಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಸಂಸ್ಥೆಯ ನಿಯಮ ನಡೆಯುತ್ತಿದ್ದ ಕಡೆ 1.62 ಇಂಚು ಸಾಕಿತ್ತು. ಭಾರತ ಆ ಸಂಸ್ಥೆಯ ನಿಯಮದ ಅಡಿಯಲ್ಲಿದ್ದುದರಿಂದ ಕೊಡಗಿನ ಹಳೆಯ ಚೀಲಗಳಲ್ಲಿದ್ದುದು ಬಹುಮಟ್ಟಿಗೆ ಚಿಕ್ಕ ಚೆಂಡು. ಗರಿಷ್ಠ ತೂಕ ಎರಡಕ್ಕೂ ಒಂದೇ, 1.62 ಔನ್ಸ್, ಅಂದರೆ 45.93 ಗ್ರಾಂ.

ವ್ಯಾಸದ ಅಂತರ ಬರೀ ಒಂದೂವರೆ ಮಿಲಿಮೀಟರ್. ಆದರೆ ಗಾಳಿಗೆ ಎದುರಾಗುವ ಮೈ ಶೇಕಡ 7ರಷ್ಟು ಕಡಿಮೆ, ತೂಕ ಮಾತ್ರ ಅಷ್ಟೇ. ಹಾಗಾಗಿ ಚಿಕ್ಕ ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು, ಓರೆಯಾಗುವುದೂ ಕಡಿಮೆ, ನೆಲಕ್ಕೆ ಬಿದ್ದ ಮೇಲೆ ಉರುಳುವುದೂ ಜಾಸ್ತಿ. 1974ರಿಂದ ಬ್ರಿಟಿಷ್ ಓಪನ್‌ನಲ್ಲಿ ದೊಡ್ಡ ಚೆಂಡು ಕಡ್ಡಾಯವಾಯಿತು. 1990ರಲ್ಲಿ ಚಿಕ್ಕದು ನಿಯಮದಿಂದಲೇ ಹೊರಬಿತ್ತು. ಆಗ ಚಿಕ್ಕದನ್ನು ಬಿಟ್ಟು ದೊಡ್ಡ ಬಲಾಟಾಗೆ ಬಂದವರು ದೂರ ಕಳೆದುಕೊಂಡದ್ದು ಖಂಡಿತ ನಿಜ. ‘ಹಳೆಯ ಚೆಂಡು ದೂರ ಹೋಗುತ್ತಿತ್ತು’ ಎಂಬ ಮಾತಿನ ಬೇರು ಇರುವುದು ಇಲ್ಲಿ. ಆ ಹೋಲಿಕೆ 1990ರ ಚೆಂಡಿನೊಂದಿಗೆ ಸರಿ, ಇಂದಿನ ಚೆಂಡಿನೊಂದಿಗೆ ಸಲ್ಲದು.

ಊರಿನ ಹವೆಯೂ ನೆನಪನ್ನು ತಿರುಚುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಶೇಕಡ 10ರಷ್ಟು ಕಡಿಮೆ. ಮಂಗಳೂರಿನ ಪಿಲಿಕುಳದಲ್ಲಿ 200 ಗಜ ಹಾರುವ ಏಟು ಮಡಿಕೇರಿಯಲ್ಲಿ ಎಂಟೊಂಬತ್ತು ಗಜ ಹೆಚ್ಚು ಹಾರುತ್ತದೆ. ಫೆಬ್ರವರಿಯಿಂದ ಕಾಫಿ ಹೂವರಳಿಸುವ ಹೂಮಳೆ ಬರುವ ತನಕ ನೆಲ ಒಣಗಿ ಗಟ್ಟಿಯಾಗಿದ್ದಾಗ ಚಿಕ್ಕ ಚೆಂಡು ಎಷ್ಟು ಉರುಳುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಜೂನ್ ಬಂದರೆ ಎಲ್ಲ ತಲೆಕೆಳಗು. ‘ಮಂಜು ತುಂಬಿದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ’ ಎಂಬ ಮಾತು ಎಲ್ಲ ಕ್ಲಬ್ಬಿನಲ್ಲೂ ಕೇಳಿಸುತ್ತದೆ. ತೇವದ ಗಾಳಿ ಒಣ ಗಾಳಿಗಿಂತ ಕೊಂಚ ಹಗುರವೇ, ಏಕೆಂದರೆ ನೀರಾವಿಯ ಕಣ ಸಾರಜನಕ, ಆಮ್ಲಜನಕದ ಕಣಗಳಿಗಿಂತ ಹಗುರ. ದೂರ ಕಳೆಯುವುದು ಬೇರೆ ಕಾರಣಗಳಿಗೆ. ನೆನೆದ ನೆಲದಲ್ಲಿ ಉರುಳಾಟ ಇರುವುದಿಲ್ಲ. ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ನೀರು ನುಗ್ಗಿ ಹಿಡಿತ ತಪ್ಪುತ್ತದೆ. ತಣ್ಣಗಾದ ರಬ್ಬರ್ ಪುಟಿಯುವುದು ಕಡಿಮೆ. ಇದರಲ್ಲಿ ಕೊನೆಯದು ಡಿಸೆಂಬರ್–ಜನವರಿಯ ಬೆಳಗಿನ ತೊಂದರೆಯೂ ಹೌದು. 10–12 ಡಿಗ್ರಿ ಚಳಿಯಲ್ಲಿ ರಾತ್ರಿಯೆಲ್ಲ ಕಾರಿನ ಡಿಕ್ಕಿಯಲ್ಲಿದ್ದ ಚೆಂಡು ಮೊದಲ ಕೆಲವು ಹೋಲ್‌ಗಳಲ್ಲಿ ಹಲವು ಗಜ ಹಿಂದೆ ಬೀಳುತ್ತದೆ. ಚೆಂಡಿನ ಒಳಭಾಗ ಬೆಚ್ಚಗಾಗಲು ಗಂಟೆಗಳೇ ಬೇಕು, ಹಾಗಾಗಿ ಹಿಂದಿನ ರಾತ್ರಿ ಮನೆಯೊಳಗಿಡುವುದು ಒಳ್ಳೆಯದು. ದೂರ ಹೆಚ್ಚಿಸಲೆಂದೇ ಕಾಯಿಸಿದ ಚೆಂಡಿನಲ್ಲಿ ಆಡುವುದು ಇಂದಿನ ನಿಯಮಕ್ಕೆ ವಿರುದ್ಧ.

ಸುತ್ತಿದ ಚೆಂಡು ಏಕೆ ಸತ್ತಿತು

ಮೊದಲ ಪೆಟ್ಟು ಕೊಟ್ಟದ್ದು ಡ್ಯುಪಾಂಟ್ ಕಂಪನಿಯ ಸರ್ಲಿನ್ ಎಂಬ ಪ್ಲಾಸ್ಟಿಕ್. ಐರನ್ ತಾಗಿದರೆ ಗೀರಾಗುತ್ತದೆಯೇ ಹೊರತು ಬಾಯಿ ಬಿಡುವುದಿಲ್ಲ. 1970ರ ದಶಕದ ಆರಂಭದಲ್ಲಿ ಸ್ಪಾಲ್ಡಿಂಗ್‌ನ ಟಾಪ್‌ಫ್ಲೈಟ್ ಬಂತು: ಒಂದು ಅಖಂಡ ರಬ್ಬರ್ ಉಂಡೆ, ಮೇಲೊಂದು ಸರ್ಲಿನ್ ಹೊದಿಕೆ, ಅಷ್ಟೇ. ಸೂತ್ರದ ಪ್ರಕಾರ ಹೊರಗೆ ಗಡಸು, ಒಳಗೆ ಮೆದು. ಸ್ಪಿನ್ ಕಡಿಮೆ, ದೂರ ಹೆಚ್ಚು, ಸ್ಲೈಸ್ ಕಡಿಮೆ. ಹವ್ಯಾಸಿಗಳು ಇದನ್ನೇ ಹಿಡಿದರು. ಗ್ರೀನ್ ಮೇಲೆ ನಿಲ್ಲಿಸುವುದು ಕಷ್ಟವಾದ್ದರಿಂದ ವೃತ್ತಿ ಆಟಗಾರರು ಮತ್ತೆ ಇಪ್ಪತ್ತೈದು ವರ್ಷ ಬಲಾಟಾ ಬಿಡಲಿಲ್ಲ.

ಗಂಟು ಬಿಡಿಸಿದ್ದು ಮೂರು ಪದರದ ಚೆಂಡು. ನಡುವೆ ದೊಡ್ಡ ಮೆದು ಉಂಡೆ, ಅದರ ಮೇಲೆ ಗಡಸು ಪದರ, ಎಲ್ಲಕ್ಕಿಂತ ಹೊರಗೆ ತೀರ ತೆಳುವಾದ, ಯುರಿಥೇನ್ ಎಂಬ ಮೆದು ಪ್ಲಾಸ್ಟಿಕ್. ಡ್ರೈವರ್ ಏಟಿಗೆ ಇಡೀ ಉಂಡೆ ಅದುಮುತ್ತದೆ, ಗಡಸು ಪದರದ ಪ್ರಭಾವ ಮೇಲಾಗಿ ಸ್ಪಿನ್ ಇಳಿಯುತ್ತದೆ. ವೆಜ್ ಏಟು ಒಳ ಉಂಡೆಯ ತನಕ ಮುಟ್ಟುವುದೇ ಇಲ್ಲ; ತೆಳು ಹೊದಿಕೆ ವೆಜ್‌ಗೂ ಗಡಸು ಪದರಕ್ಕೂ ನಡುವೆ ಸಿಕ್ಕಿ ಚೆಂಡು ಬಲಾಟಾದಂತೆಯೇ ತಿರುಗುತ್ತದೆ. ಒಂದೇ ಚೆಂಡಿಗೆ ಎರಡು ಸ್ವಭಾವ. ಬಲಾಟಾ ಡ್ರೈವರ್ ಏಟಿಗೆ ನಿಮಿಷಕ್ಕೆ ಮೂರುವರೆ ಸಾವಿರ ಸುತ್ತು ತಿರುಗುತ್ತಿದ್ದ ಕಡೆ ಇದು ಎರಡೂವರೆ ಸಾವಿರದ ಆಸುಪಾಸು. 2000ದ ಮೇ ತಿಂಗಳಲ್ಲಿ ಟೈಗರ್ ವುಡ್ಸ್ ಸುತ್ತಿದ ಚೆಂಡು ಬಿಟ್ಟು ಎಳೆಯಿಲ್ಲದ ಅಖಂಡ ಒಳಭಾಗದ ನೈಕಿ ಚೆಂಡು ಹಿಡಿದ. ಜೂನ್‌ನಲ್ಲಿ ಪೆಬಲ್ ಬೀಚ್‌ನ ಯುಎಸ್ ಓಪನ್ ಅನ್ನು 15 ಏಟಿನ ಅಂತರದಿಂದ ಗೆದ್ದ. ಅದೇ ಅಕ್ಟೋಬರ್‌ನಲ್ಲಿ ಟೈಟಲಿಸ್ಟ್‌ನ ಪ್ರೊ ವಿ1 ಲಾಸ್ ವೇಗಸ್ ಪಂದ್ಯದಲ್ಲಿ ಕಾಣಿಸಿತು, ಅದನ್ನು ಆಡಿದ ಬಿಲ್ಲಿ ಆಂಡ್ರೇಡ್ ಗೆದ್ದ. ಕೆಲವೇ ವರ್ಷಗಳಲ್ಲಿ ಎಳೆ ಸುತ್ತುವ ಯಂತ್ರಗಳಿಗೆ ಕೆಲಸವಿಲ್ಲವಾಯಿತು. ನೂರು ವರ್ಷದ ಕಸುಬು ಇಷ್ಟು ಬೇಗ ಮುಗಿದದ್ದು ನೋವಿನ ಸಂಗತಿ. ಆದರೂ ಚೆಂಡಾಗಿ ನೋಡಿದರೆ ಹೊಸದು ಮೇಲು. ಅದರಲ್ಲಿ ವಾದಕ್ಕೆ ಜಾಗವಿಲ್ಲ.

ಬೀರುವಿನಲ್ಲಿ ಸಿಕ್ಕಿದ ಚೆಂಡು

ಹಳೆಯ ಚೀಲದ ಜೇಬಿನಲ್ಲೋ, ತೋಟದಲ್ಲಿ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಯ ಮಣ್ಣು ತೆಗೆಯುವಾಗಲೋ ಒಂದು ಚೆಂಡು ಸಿಕ್ಕಿತು ಎನ್ನಿ. ಯಾವುದು ಎಂದು ತಿಳಿಯುವುದು ಹೇಗೆ? ಮೊದಲು ಗಾತ್ರ. ವರ್ನಿಯರ್ ಇದ್ದರೆ 41.15 ಮಿ.ಮೀ. ಚಿಕ್ಕದು, 42.67 ಮಿ.ಮೀ. ದೊಡ್ಡದು. ಇಲ್ಲದಿದ್ದರೆ ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಹೊಸ ಚೆಂಡೊಂದನ್ನು ಬಿಗಿಯಾಗಿ ಕೂರಿಸಿ, ಪುಸ್ತಕ ಅಲುಗದಂತೆ ಅದನ್ನು ತೆಗೆದು ಹಳೆಯದನ್ನು ಇಡಿ. ಚಿಕ್ಕದಾದರೆ ಸಂದು ಕಣ್ಣಿಗೇ ಕಾಣುತ್ತದೆ.

ಉಪ್ಪುನೀರಿನ ಪರೀಕ್ಷೆ ಇನ್ನೂ ಖಚಿತ. ಒಂದು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ದೊಡ್ಡ ಚೆಂಡಿನ ಸಾಂದ್ರತೆ ಸುಮಾರು 1.14, ಈ ನೀರಿನದು 1.17, ಅದು ತೇಲುತ್ತದೆ. ಚಿಕ್ಕದರ ಸಾಂದ್ರತೆ 1.25ರ ಹತ್ತಿರ, ಅಡುಗೆ ಉಪ್ಪನ್ನು ಎಷ್ಟು ಸುರಿದರೂ ನೀರಿನ ಸಾಂದ್ರತೆ 1.20 ದಾಟುವುದಿಲ್ಲವಾದ್ದರಿಂದ ಅದು ಮುಳುಗಿಯೇ ಇರುತ್ತದೆ. ತೇಲಿದ ಚೆಂಡಿನಲ್ಲಿ ಸಮತೋಲವನ್ನೂ ನೋಡಬಹುದು. ಮೇಲಿರುವ ಬಿಂದುವಿಗೆ ಪೆನ್ನಿನಲ್ಲಿ ಗುರುತು ಹಾಕಿ, ಬೆರಳಿನಿಂದ ತಿರುಗಿಸಿ ಬಿಡಿ. ಅದೇ ಬಿಂದು ಪ್ರತಿ ಸಲವೂ ಮೇಲೆ ಬಂದರೆ ಎದುರು ಬದಿ ಭಾರ ಎಂದರ್ಥ. ಸುತ್ತಿದ ಚೆಂಡುಗಳಲ್ಲಿ ಇದು ಆಗಾಗ ಕಾಣುತ್ತದೆ. ಪರೀಕ್ಷೆಯ ನಂತರ ಸಾದಾ ನೀರಿನಲ್ಲಿ ತೊಳೆದು ಒರೆಸಿ. ಬಣ್ಣದ ಬಿರುಕಿನಲ್ಲಿ ಉಪ್ಪು ಉಳಿಯಬಾರದು.

ಹೊದಿಕೆ ಯಾವುದೆಂದು ನೋಡಲು ಬರಹವಿಲ್ಲದ ಜಾಗದಲ್ಲಿ ಉಗುರು ಒತ್ತಿ. ಬಲಾಟಾ ಗುರುತು ಹಿಡಿಯುತ್ತದೆ, ಸರ್ಲಿನ್ ಹಿಡಿಯುವುದಿಲ್ಲ. ತೀರ ಹಳೆಯ ಬಲಾಟಾ ಒಣಗಿ ಹಳದಿಯಾಗಿ ಪುಡಿಪುಡಿ ಬಿರುಕು ಬಿಟ್ಟಿರುತ್ತದೆ. ಅಂಥದ್ದಕ್ಕೆ ಉಗುರು ತಾಗಿಸಬೇಡಿ, ಚಕ್ಕೆ ಏಳುತ್ತದೆ. ಜೀವ ಇದೆಯೇ ಎಂದು ತಿಳಿಯಲು ಹೊಸ ಚೆಂಡನ್ನೂ ಇದನ್ನೂ ಒಂದು ಮೀಟರ್ ಎತ್ತರದಿಂದ ಸಿಮೆಂಟ್ ನೆಲಕ್ಕೆ ಒಟ್ಟಿಗೆ ಬಿಡಿ. ಪುಟಿತ ಎದ್ದು ಕಾಣುವಷ್ಟು ಕಡಿಮೆಯಿದ್ದು ಸದ್ದು ಮಂಕಾಗಿದ್ದರೆ ಒಳಗಿನ ಎಳೆ ಬಿಗಿ ಕಳೆದುಕೊಂಡಿದೆ. ರಬ್ಬರ್ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಸಾಯುತ್ತದೆ, ದ್ರವದ ಚೀಲ ಒಣಗುತ್ತದೆ. ಕಟ್ಟು ಬಿಚ್ಚದ ಹೊಸ ಡಬ್ಬಿಯ ಚೆಂಡಿಗೂ ಇದು ತಪ್ಪಿದ್ದಲ್ಲ.

ಒಳಗೇನಿದೆ ನೋಡೋಣ ಎಂದು ಮಕ್ಕಳ ಕೈಗೆ ಗರಗಸ ಕೊಡಬೇಡಿ. ಎಳೆ ಬಿಗಿಯಾಗಿರುವುದರಿಂದ ನಡುವಿನ ದ್ರವ ಒತ್ತಡದಲ್ಲಿರುತ್ತದೆ. ಕೊಯ್ದಾಗ ಚಿಮ್ಮಿ ಕಣ್ಣಿಗೆ ಬಿದ್ದು ಗಾಯವಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕೆಲವು ಚೆಂಡುಗಳ ದ್ರವ ಸುಡುವ ಕ್ಷಾರವೂ ಹೌದು.

ಇಟ್ಟುಕೊಳ್ಳುವುದಾದರೆ ಉಗುರುಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕುದಿನೀರು ಬಲಾಟಾವನ್ನು ಮೆದುಗೊಳಿಸುತ್ತದೆ; ಪೆಟ್ರೋಲ್, ಥಿನ್ನರ್ ಬಣ್ಣ ಕಿತ್ತು ರಬ್ಬರನ್ನು ಉಬ್ಬಿಸುತ್ತವೆ. ಕೊಡಗಿನ ಮಳೆಗಾಲದಲ್ಲಿ ಬೀರುವಿನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಹಾಗೆ ಚೆಂಡಿನ ಕಾಗದದ ಹೊದಿಕೆಗೂ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬಿಸಿಲು ತಾಗದ ಕಡೆ ಇಡಿ. ಹಂಚಿನ ಕೆಳಗಿನ ಅಟ್ಟ ಬೇಡ, ಏಪ್ರಿಲ್‌ನ ಕಾವು ಸಾಕು ರಬ್ಬರ್ ಕೆಡಲು.

ಇಂದು ಆಡುವುದಾದರೆ

ಸ್ಪರ್ಧೆಯಲ್ಲಿ ಚಿಕ್ಕ ಚೆಂಡು ನಡೆಯುವುದಿಲ್ಲ. 1.68ರ ಬಲಾಟಾ ಗಾತ್ರದಲ್ಲಿ ಸರಿಯಿದ್ದರೂ, ಒಪ್ಪಿತ ಚೆಂಡುಗಳ ಈಗಿನ ಪಟ್ಟಿಯನ್ನು ಕಡ್ಡಾಯ ಮಾಡಿದ ಪಂದ್ಯಗಳಲ್ಲಿ ಅದಕ್ಕೆ ಜಾಗವಿಲ್ಲ. ಗೆಳೆಯರ ಆಟಕ್ಕೆ ಅಡ್ಡಿಯಿಲ್ಲ.

ಹಳೆಯ ಹಿತ ಬೇಕು, ಚೆಂಡು ಮಾತ್ರ ಹೊಸದಿರಲಿ ಎನ್ನುವವರು ಎರಡು ಸಂಗತಿ ನೋಡಬೇಕು: ಹೊದಿಕೆ ಯುರಿಥೇನ್ ಇರಬೇಕು, ಕಂಪ್ರೆಷನ್ (ಒತ್ತಿ ಅಳೆದ ಗಡಸಿನ ಅಂಕಿ) 90ಕ್ಕಿಂತ ಕೆಳಗಿರಬೇಕು. ‘ಸಾಫ್ಟ್’ ಎಂದು ದಪ್ಪ ಅಕ್ಷರದಲ್ಲಿ ಬರೆದ ಅಗ್ಗದ ಚೆಂಡುಗಳಲ್ಲಿ ಹೆಚ್ಚಿನವು ಸರ್ಲಿನ್ ಬಗೆಯ ಹೊದಿಕೆಯವು. ಅವು ಡ್ರೈವರ್‌ಗೆ ಮೆದುವಾಗಿ ತಾಗುತ್ತವೆ, ಗ್ರೀನ್ ಮೇಲೆ ಕಚ್ಚುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲವೇ ಚೆಂಡನ್ನು ಹಿಡಿದು ನಿಲ್ಲಿಸುವುದರಿಂದ, ಆ ತಿಂಗಳುಗಳಲ್ಲಿ ಯುರಿಥೇನ್‌ಗೆ ದುಡ್ಡು ಹಾಕುವುದು ದಂಡ. ಮಳೆ ನಿಂತು ಗ್ರೀನ್ ಗಟ್ಟಿಯಾದ ಮೇಲೆ ತೆಗೆಯಿರಿ.

ಜೀವ ಉಳಿದಿರುವ ಹಳೆಯ ಬಲಾಟಾ ಕೈಯಲ್ಲಿದ್ದರೆ ಅದನ್ನು ಮೊದಲು ಅಭ್ಯಾಸದ ಗ್ರೀನ್‌ಗೆ ಒಯ್ಯಿರಿ. ಪುಟ್ ಮಾಡಿದರೆ ಹೊದಿಕೆಗೆ ಏನೂ ಆಗುವುದಿಲ್ಲ, ಸದ್ದಿನ ವ್ಯತ್ಯಾಸ ಅಲ್ಲೇ ಪೂರ್ತಿ ಸಿಗುತ್ತದೆ. ಆಮೇಲೆ ಗ್ರೀನ್ ಅಂಚಿನಿಂದ ವೆಜ್‌ನಲ್ಲಿ ಚಿಪ್ ಮಾಡಿ (ಮೆಲ್ಲಗೆ ಎತ್ತಿ ಹೊಡೆದು), ಪಕ್ಕದಲ್ಲಿ ಯುರಿಥೇನ್ ಚೆಂಡೊಂದನ್ನು ಅದೇ ಜಾಗದಿಂದ ಹೊಡೆದು ಎರಡೂ ಎಲ್ಲಿ ನಿಲ್ಲುತ್ತವೆ ನೋಡಿ. ಅಂತರ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ. ವೆಜ್‌ನ ಗೀರುಗಳು ಹೊಸದಾಗಿ ಹರಿತವಾಗಿದ್ದರೆ ಬಲಾಟಾ ಮೇಲೆ ಸಿಪ್ಪೆ ಏಳುತ್ತದೆ, ಹಾಗಾಗಿ ಹಳೆಯ ಸವೆದ ವೆಜ್ ಸಾಕು. ಅರ್ಧಕ್ಕಿಂತ ಜಾಸ್ತಿ ಸ್ವಿಂಗ್ ಬೇಡ. ಒಣಗಿದ ಎಳೆ ಪೂರ್ತಿ ಏಟಿಗೆ ಒಳಗೇ ಕಡಿಯುತ್ತದೆ. ಒಮ್ಮೆ ಹಾಗೆ ಕಡಿದರೆ ಹೊರಗೆ ಗಾಯ ಕಾಣದಿದ್ದರೂ ಚೆಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮತ್ತೆ ಸರಿಮಾಡುವ ದಾರಿಯಿಲ್ಲ.